ಮಧ್ಯದ ಮಹಡಿ

ಫೆಬ್ರವರಿ 4

ಅಕ್ಕಾ,

ಈ ಪತ್ರ ಮನೆಗೆ ಬಾರದೆ ನೇರ ನಿನ್ನ ಪ್ರಯೋಗಾಲಯಕ್ಕೆ ಬಂದಿತೆಂದು ಹುಬ್ಬೇರಿಸಬೇಡ. ಮನೆಗೆ ಬರೆದರೆ ಭಾವ ಮೊದಲು ಓದುತ್ತಾರೆ, ತಪ್ಪುಗಳ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ, ಆಮೇಲೆ ನಿನಗೆ ಕೊಡುತ್ತಾರೆ. ಮೇಷ್ಟ್ರನ್ನು ಕಟ್ಟಿಕೊಂಡವಳು ನೀನು, ಶಿಕ್ಷೆ ಮಾತ್ರ ನನಗೆ.

ಇಲ್ಲಿ ಎಲ್ಲ ಎಂದಿನಂತೆ. ಎಕ್ಸ್‌ರೇ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ಕೆಟ್ಟಿದೆ. "ಒಳಗೆ ಬರಬೇಡಿ" ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದ್ದೇನೆ, ಜನ ಅದನ್ನು ಓದಿಕೊಂಡೇ ಒಳಗೆ ಬರುತ್ತಾರೆ. ಮಕ್ಕಳ ವಾರ್ಡಿನ ಪಾಳಿ ಈ ಸಲವೂ ನನ್ನ ತಲೆಗೇ ಬಂದಿದೆ. ಹೋದ ತಿಂಗಳ ಮೊದಲಲ್ಲಿ ಒಂದು ಪುಟ್ಟ ಹುಡುಗಿ ಎದೆಯ ಫಿಲ್ಮ್ ತೆಗೆಸಲು ಬಂದಳು. ನಿಂತ ಕಡೆ ನಿಲ್ಲಲೊಲ್ಲಳು. ಅವಳ ತಾಯಿ ಅಳುತ್ತಾ ಹೊರಗೆ ಹೋದಳು. ಕೊನೆಗೆ ನಾನೇ ಸೀಸದ ಏಪ್ರನ್ ಹಾಕಿಕೊಂಡು ಮಗುವಿನ ಎರಡೂ ತೋಳು ಹಿಡಿದು ನಿಂತೆ. ಸಿಬ್ಬಂದಿ ಹಾಗೆ ಹಿಡಿದುಕೊಳ್ಳಬಾರದು ಎಂದು ಗೋಡೆಯ ಮೇಲಿನ ಪಟ್ಟಿಯಲ್ಲಿ ಬರೆದಿದೆ. ಗೋಡೆಗೇನು, ಅದಕ್ಕೆ ಅಳುವ ಮಗು ಕಾಣಿಸುವುದಿಲ್ಲ.

ನಿನ್ನನ್ನು ಒಂದು ವಿಷಯ ಕೇಳಬೇಕು. ನಮ್ಮ ಆಸ್ಪತ್ರೆಗೆ ಬರುವ ಒಬ್ಬಾಕೆಗೆ, ತಾನು ಬಸಿರಿ ಎಂದು ತಿಳಿಯುವ ಮೊದಲೇ ಕಿರಣ ತಾಗಿದೆ. ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪವಾಗಿ. "ಮಗು ತಲೆಗೆ ಏನಾದ್ರೂ ಆಗುತ್ತಾ?" ಎಂದು ಒಂದೇ ಸಮನೆ ಕೇಳುತ್ತಾಳೆ. ನೀನು ಇಷ್ಟು ವರ್ಷ ಕಿರಣ ತಾಗಿದ ಇಲಿಮರಿಗಳ ಮಿದುಳನ್ನು ಕತ್ತರಿಸಿ ನೋಡಿದವಳು. ಇಲ್ಲಿನ ಡಾಕ್ಟರು ಅರ್ಧ ಹೇಳಿ ಅರ್ಧ ನುಂಗುತ್ತಾರೆ. ನೀನು ನುಂಗಬೇಡ.

ನಿನ್ನ
ಚೂಟಿ


ಫೆಬ್ರವರಿ 11

ಚೂಟಿ,

ಕೆಂಪು ಗೆರೆಯ ದೂರನ್ನು ನಿನ್ನ ಭಾವನಿಗೆ ತಲುಪಿಸಿದೆ. "ಅವಳು ತಿದ್ಕೊಳ್ಳೋವರೆಗೂ ನಾನು ಪೆನ್ನು ಕೆಳಗಿಡಲ್ಲ" ಅಂದರು. ಇಬ್ಬರೂ ಹಟಮಾರಿಗಳು, ನಾನು ನಡುವೆ ಬಡಪಾಯಿ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಮಿದುಳಿನ ಕೋಶಗಳು ಹುಟ್ಟುವ ಜಾಗ ಒಂದು, ಬದುಕುವ ಜಾಗ ಇನ್ನೊಂದು. ಹುಟ್ಟುವುದು ತೀರ ಒಳಗೆ, ನೀರು ತುಂಬಿದ ಒಂದು ಪೊಟರೆಯ ಅಂಚಿನಲ್ಲಿ. ಅಲ್ಲಿಂದ ಕೂದಲಿಗಿಂತ ಎಷ್ಟೋ ತೆಳುವಾದ ಎಳೆಯೊಂದನ್ನು ಹಿಡಿದು ಮೇಲಕ್ಕೆ ಹತ್ತುತ್ತವೆ. ಮೊದಲು ಹೊರಟವು ಕೆಳಗಿನ ಪದರದಲ್ಲಿ ನೆಲೆಯಾಗುತ್ತವೆ. ಆಮೇಲೆ ಹೊರಟವು ಅವನ್ನು ದಾಟಿಕೊಂಡು ಇನ್ನೂ ಮೇಲೆ ಹೋಗುತ್ತವೆ. ಯಾರೂ ದಾರಿ ತೋರಿಸುವುದಿಲ್ಲ, ಆದರೂ ಪ್ರತಿಯೊಂದೂ ತನ್ನ ಜಾಗಕ್ಕೆ ಸೇರುತ್ತದೆ. ಎಷ್ಟು ವರ್ಷ ನೋಡಿದರೂ ನನಗೆ ಇದರಿಂದ ಬೇಸರ ಬಂದಿಲ್ಲ.

ಮನುಷ್ಯರಲ್ಲಿ ಈ ಓಡಾಟ ಎಂಟನೇ ವಾರದಿಂದ ಹದಿನೈದನೇ ವಾರದವರೆಗೆ ಬಲು ಜೋರು. ಆಗ ಕಿರಣ ಬಿದ್ದರೆ, ಹುಟ್ಟುತ್ತಿರುವ ಕೋಶಗಳಲ್ಲಿ ಕೆಲವು ಸಾಯುತ್ತವೆ. ಕೆಲವು ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ. ಗಾಜಿನ ಮೇಲಿಟ್ಟು ನೇರಳೆ ಬಣ್ಣ ಹಾಕಿದಾಗ ಅವು ಮಧ್ಯದಲ್ಲಿ ಗುಂಪುಕಟ್ಟಿ ನಿಂತಿರುವುದು ಕಾಣುತ್ತದೆ. ಅಂಥ ಮರಿಗಳ ತಲೆ ಚಿಕ್ಕದು, ಕಲಿಯುವುದೂ ನಿಧಾನ. ಹೋದ ದಾರಿಯನ್ನೇ ಮತ್ತೆ ಮತ್ತೆ ಮರೆಯುತ್ತವೆ.

ನಮ್ಮಲ್ಲಿ ಕಿರಣ ಎರಡು ಕೊಟ್ಟರೆ ಪದರಗಳೆಲ್ಲ ಕಲಸಿಹೋಗುತ್ತವೆ. ಒಂದು ಕೊಟ್ಟರೂ ಗುರುತು ಸಿಗುತ್ತದೆ. ಆಕೆಗೆ ಎಷ್ಟು ತಾಗಿದೆ ಎಂದು ನೀನು ಬರೆದಿಲ್ಲ. ನುಂಗಬೇಡ ಅಂದಿದ್ದಕ್ಕೆ ಹೇಳುತ್ತಿದ್ದೇನೆ, ಎರಡು ದಾಟಿದ್ದರೆ ನಾನಾದರೆ ಆ ಮಗುವನ್ನು ಉಳಿಸಿಕೊಳ್ಳಲು ಹೆದರುತ್ತೇನೆ.

ಇನ್ನು ನಿಜ ಹೇಳು. ಸೀನಿಯರ್ ಟೆಕ್ನಿಷಿಯನ್ ಪರೀಕ್ಷೆಗೆ ಓದುತ್ತಿದ್ದೀಯಲ್ಲವೆ? "ಒಬ್ಬಾಕೆ"ಯ ಹಿಂದೆ ಪುಸ್ತಕ ಬಚ್ಚಿಟ್ಟುಕೊಂಡಿದ್ದೀ ಎಂದು ನನ್ನ ಅನುಮಾನ. ನಾನು ಚೆನ್ನಾಗಿದ್ದೇನೆ. ಈಚೆಗೆ ಯಾಕೋ ಎಲ್ಲರ ಮೇಲೂ ಅಕ್ಕರೆ ಉಕ್ಕುತ್ತಿದೆ, ಪಂಜರದ ಇಲಿಗಳ ಮೇಲೂ. ಸಂಜೆಯಾದರೆ ಸಾಕು ಕಣ್ಣು ಎಳೆಯುತ್ತವೆ. ಲಿಫ್ಟ್ ರಿಪೇರಿ ಮಾಡುವ ನಿನ್ನ ರಾಯರಿಗೆ ನನ್ನ ನೆನಪು ಹೇಳು.

ಅಕ್ಕ


ಫೆಬ್ರವರಿ 16

ಅಕ್ಕಾ,

ಪರೀಕ್ಷೆಗೆ ಓದುತ್ತಿರುವುದು ನಿಜ. ನಿನ್ನ ಕಣ್ಣು ತಪ್ಪಿಸಲು ಯಾರಿಂದ ಆಗುತ್ತದೆ.

ಆದರೂ ಆಕೆಯ ವಿಷಯಕ್ಕೆ ಒಂದು ಉತ್ತರ ಬೇಕು. ಎಂಟನೇ ವಾರ ಎಂದರೆ ಎಲ್ಲಿಂದ ಎಣಿಸಬೇಕು, ಕೊನೆಯ ಮುಟ್ಟಿನಿಂದಲೋ ಮಗು ನಿಂತಲ್ಲಿಂದಲೋ? ಕಿರಣ ಅಳೆಯುವ ಬ್ಯಾಡ್ಜಿನಲ್ಲಿ ಮೂರು ಬಂದಿದೆ. ಮೂರಾದರೆ ಏನೂ ಮಾಡುವ ಹಾಗಿಲ್ಲವೆ?

ಬೇಗ ಬರೆ. ಉದ್ದ ಬರೆಯದಿದ್ದರೂ ಪರವಾಗಿಲ್ಲ.

ಚೂಟಿ


ಮಾರ್ಚ್ 3

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ನಿನಗೆ ಗೊತ್ತಾಗಿಹೋಗಿದೆ, ಅದಕ್ಕೇ ಬರೆಯುತ್ತಿಲ್ಲ. ಎರಡು ವಾರದಿಂದ ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಬಾಗಿಲಿಗೆ ಓಡುತ್ತೇನೆ.

ಆ ಒಬ್ಬಾಕೆ ನಾನೇ.

ನಿನಗೆ ಯಾವ ಬಾಯಿಂದ ಹೇಳಲಿ ಅಕ್ಕಾ? ಎರಡು ಸಲ ನಿನ್ನ ಮಗು ಹೊಟ್ಟೆಯಲ್ಲೇ ಹೋದದ್ದನ್ನು ನೋಡಿದವಳು ನಾನು. ಎರಡನೇ ಸಲ ನೀನು ಅರ್ಧ ಹೆಣೆದಿದ್ದ ಟೊಪ್ಪಿಯನ್ನು ಬಿಚ್ಚಿ ಉಣ್ಣೆಯನ್ನು ಮತ್ತೆ ಉಂಡೆ ಸುತ್ತಿದೆ. ನಾನು ಎದುರಿಗೆ ಎಳೆ ಹಿಡಿದು ಕೂತಿದ್ದೆ. ಇಬ್ಬರೂ ಒಂದು ಮಾತಾಡಲಿಲ್ಲ. ಆಮೇಲೆ ಎದ್ದು ಟೀ ಮಾಡಿದೆವು. ಅಂಥ ನಿನ್ನ ಮುಂದೆ, ನನಗೆ ದಿನ ತುಂಬುವ ಮೊದಲೇ ಕುಣಿಯಲು ಮನಸ್ಸಾಗಲಿಲ್ಲ. ನಾಲ್ಕೈದು ತಿಂಗಳು ಕಳೆಯಲಿ, ಎದುರಿಗೇ ಬಂದು ಹೇಳೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಬ್ಯಾಡ್ಜಿನ ಲೆಕ್ಕ ಬಂತು.

ಅಳುವ ಮಕ್ಕಳನ್ನು ಹಿಡಿದು ಹಿಡಿದೇ ಅದು ಏರಿದೆ. ಗೋಡೆಯ ಪಟ್ಟಿಯಲ್ಲಿ ಬಸಿರಿಗೆ ಒಂದು ದಾಟಬಾರದು ಎಂದಿದೆ. ನೀನೂ ಒಂದಕ್ಕೇ ಗುರುತು ಸಿಗುತ್ತದೆ ಎಂದೆ. ಎರಡೂ ಮಾತು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡವು. ನನ್ನದು ಮೂರು. ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ, ಈಗ ಕಣ್ಣು ಮುಚ್ಚಿದರೆ ನೇರಳೆ ಚುಕ್ಕೆಗಳು ದಾರಿ ಕಾಣದೆ ನಿಂತಿರುತ್ತವೆ. ಬೇರೆಯವರ ಮಕ್ಕಳನ್ನು ಅಲುಗಾಡದಂತೆ ಹಿಡಿದೆ, ನನ್ನ ಮಗುವಿನೊಳಗೆ ಓಡಬೇಕಾದವನ್ನೂ ನಿಲ್ಲಿಸಿಬಿಟ್ಟೆ ಅನ್ನಿಸುತ್ತದೆ.

ಹನ್ನೊಂದನೇ ತಾರೀಕು, ಗುರುವಾರ, ಬೇರೊಂದು ಆಸ್ಪತ್ರೆಯಲ್ಲಿ ತೆಗೆಸಿಕೊಳ್ಳಲು ಗೊತ್ತು ಮಾಡಿದ್ದೇನೆ. ಬಸಿರಿ ಎನ್ನುವುದು ಇವರಿಗೆ ಗೊತ್ತು, ಬ್ಯಾಡ್ಜಿನ ವಿಷಯವಾಗಲಿ ಗುರುವಾರದ ವಿಷಯವಾಗಲಿ ಹೇಳಿಲ್ಲ. ಅದಕ್ಕೆ ಮೊದಲು ನಿನ್ನದೊಂದು ಸಾಲು ಬರಲಿ. ಬೈದಾದರೂ ಬರೆ.

ಚೂಟಿ


ಮಾರ್ಚ್ 11, ಗುರುವಾರ

ಅಕ್ಕಾ,

ನಿನ್ನ ಸಾಲು ಬರಲಿಲ್ಲ. ಹೋದೆ.

ಹೆಂಗಸರ ವಿಭಾಗ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿದೆ ಎಂದು ಹಗ್ಗ ಕಟ್ಟಿದ್ದರು. ಕದ್ದು ಹೋಗುವವಳಿಗೆ ಅಷ್ಟು ಸುಳಿವು ಸಾಕಿತ್ತು, ನನಗೆ ಹೊಳೆಯಲಿಲ್ಲ. ಮೆಟ್ಟಿಲು ಹತ್ತಿ, ಹೆಸರು ಬರೆಸಿ, ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಇವರು ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಲಿಫ್ಟ್ ರಿಪೇರಿಗೆ ಕರೆಸಿದ್ದರಂತೆ. ನಾನು ಮೆಟ್ಟಿಲು ಹತ್ತುವುದನ್ನು ಕೆಳಗಿನಿಂದ ನೋಡಿದ್ದಾರೆ.

"ಹಲ್ಲುನೋವಾ?" ಅಂದರು. ಬಾಗಿಲ ಮೇಲಿನ ಬೋರ್ಡು ಓದಿಕೊಂಡೇ ಕೇಳಿದರು.

ಎಲ್ಲ ಹೇಳಿದೆ. ನಿನ್ನ ಪತ್ರ ಬಾಯಿಪಾಠವಾಗಿತ್ತಲ್ಲ, ಪೊಟರೆಯಿಂದ ಹಿಡಿದು ನೇರಳೆ ಬಣ್ಣದವರೆಗೆ ಒಂದೂ ಬಿಡದೆ ಹೇಳಿದೆ. ಇವರು ಹಳೇ ಬಟ್ಟೆಯಲ್ಲಿ ಬೆರಳ ಗ್ರೀಸ್ ಒರೆಸುತ್ತಾ ಕೇಳಿಸಿಕೊಂಡರು. ಒರೆಸಿದ ಬೆರಳನ್ನೇ ಮತ್ತೆ ಮತ್ತೆ ಒರೆಸಿದರು.

"ಅಂದ್ರೆ, ಮೇಲಿನ ಮಹಡಿಗೆ ಹೋಗ್ಬೇಕಾದವು ಮಧ್ಯದಲ್ಲೇ ಇಳ್ಕೊಂಡ್ಬಿಡ್ತವೆ."

"ಹೂಂ."

"ಮಧ್ಯದ ಮಹಡೀಲೂ ಜನ ಮನೆ ಮಾಡ್ಕೊಂಡಿರ್ತಾರೆ ಕಣೇ. ನಾನು ದಿನಾ ನೋಡ್ತೀನಲ್ಲ. ದೀಪ ಹಾಕ್ಕೊಂಡು, ಅಡುಗೆ ಮಾಡ್ಕೊಂಡು, ಚೆನ್ನಾಗೇ ಇರ್ತಾರೆ."

ನನಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಅಷ್ಟು ಹೊತ್ತಿಗೆ ನರ್ಸ್ ಬಾಗಿಲು ತೆರೆದು ನನ್ನನ್ನು ಕರೆದಳು. ಇವರು ಬೇಡ ಅನ್ನಲಿಲ್ಲ ಅಕ್ಕಾ. "ಹೊತ್ತು ಹೆರೋಳು ನೀನು. ಹೋದ್ರೂ ಇಲ್ಲೇ ಕೂತಿರ್ತೀನಿ, ಹೋಗ್ದೇ ಇದ್ರೂ ಇಲ್ಲೇ ಕೂತಿರ್ತೀನಿ" ಅಂದರು. ನಾನು ನರ್ಸಿಗೆ ಕ್ಷಮಿಸಿ ಅಂದೆ. ಇಬ್ಬರೂ ಮೆಟ್ಟಿಲು ಇಳಿದು ಬಂದೆವು. ಲಿಫ್ಟನ್ನು ಮಾತ್ರ ಯಾರೂ ಸರಿಮಾಡಲಿಲ್ಲ, ನಾಳೆ ಆಸ್ಪತ್ರೆಯವರು ಇವರಿಗೆ ಚೆನ್ನಾಗಿ ಮಂಗಳಾರತಿ ಎತ್ತುತ್ತಾರೆ.

ತಲೆ ಚಿಕ್ಕದಾಗಿರಲಿ, ಕಲಿಯುವುದು ನಿಧಾನವಾಗಲಿ, ಹೋದ ದಾರಿಯನ್ನೇ ನೂರು ಸಲ ಮರೆಯಲಿ. ನಾನು ಹೆರುತ್ತೇನೆ. ಭಯ ಹೋಗಿಲ್ಲ, ಭಯವನ್ನು ಇಟ್ಟುಕೊಂಡೇ ಹೆರುತ್ತೇನೆ. ನಿನ್ನ ಅಭಿಪ್ರಾಯ ಬೇರೆಯಾಗಿದ್ದರೆ ಅದನ್ನು ಬರೆಯಬೇಡ, ಬೇರೆ ಏನಾದರೂ ಬರೆ.

ಚೂಟಿ


ಮಾರ್ಚ್ 12, ಎಕ್ಸ್‌ಪ್ರೆಸ್ ಟಪಾಲಿನಲ್ಲಿ

ಚೂಟಿ,

ನಿನ್ನ ಎರಡು ಪತ್ರಗಳನ್ನು ಇವತ್ತು ಬೆಳಿಗ್ಗೆ ಒಟ್ಟಿಗೆ ಓದಿದೆ. ನನಗೆ ಜ್ವರ ಬಂದು ಇಷ್ಟು ದಿನ ಪ್ರಯೋಗಾಲಯಕ್ಕೆ ಹೋಗಿರಲಿಲ್ಲ. ಅವು ನನ್ನ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಗಳ ಕೆಳಗೆ ಬಿದ್ದಿದ್ದವು. ನಮ್ಮ ದೊಡ್ಡವರ ಕೋಣೆಗೆ ನುಗ್ಗಿ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿದೆ. "ಅವರು ಶನಿವಾರದವರೆಗೂ ರಜಾ" ಅಂದರು. ಗುರುವಾರ ನಿನ್ನೆಯೇ ಮುಗಿದಿದೆ.

ನೀನು ನಿನ್ನೆ ಹೋಗಿ ಬಂದಿದ್ದರೆ ಈ ಪತ್ರ ಓದುವುದೇ ನಿನಗೆ ಶಿಕ್ಷೆ. ಆದರೂ ಮುಚ್ಚಿಡಲಾರೆ.

ನನ್ನ ಎರಡೇ ಬೇರೆ, ನಿನ್ನ ಮೂರೇ ಬೇರೆ. ನಮ್ಮ ಕೋಣೆಯಲ್ಲಿ ಯಾರೂ ಅಳತೆಯ ಹೆಸರು ಹೇಳುವುದಿಲ್ಲ. "ಎರಡರ ಮರಿ", "ಒಂದರ ಮರಿ" ಎಂದು ಗಾಜಿನ ಅಂಚಿನಲ್ಲಿ ಬರೆಯುತ್ತೇವೆ, ಟೀ ಕುಡಿಯುವಾಗಲೂ ಹಾಗೇ ಮಾತಾಡುತ್ತೇವೆ. ಅದು ಗ್ರೇ ಎಂಬ ದೊಡ್ಡ ಅಳತೆಯ ಲೆಕ್ಕ. ನಿನ್ನ ಬ್ಯಾಡ್ಜಿನದು ಮಿಲಿ, ಅಂದರೆ ಅದರ ಸಾವಿರದಲ್ಲೊಂದು ಪಾಲು. ನನ್ನ ಎರಡರ ಇಲಿಗಳಿಗೆ ಕೊಟ್ಟದ್ದರಲ್ಲಿ ನಿನಗೆ ತಾಗಿದ್ದು ಆರುನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ನೀನು ಬ್ಯಾಡ್ಜನ್ನು ಏಪ್ರನ್ನಿನ ಹೊರಗೆ ಕೊರಳ ಹತ್ತಿರ ಸಿಕ್ಕಿಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಸೀಸ ದಾಟಿ ಮಗುವಿನವರೆಗೆ ಹೋದದ್ದು ಇನ್ನೂ ಕಡಿಮೆ.

ನಿನ್ನ ಗೋಡೆಯ ಪಟ್ಟಿಯ ಒಂದು, ಎಚ್ಚರಿಕೆಗೆಂದು ಬಹಳ ದೂರದಲ್ಲೇ ಹಾಕಿದ ಬೇಲಿ. ಹಳ್ಳ ಇರುವುದು ಅಲ್ಲಲ್ಲ. ನಿನ್ನ ಲೆಕ್ಕದಲ್ಲಿ ನೂರರ ಕೆಳಗೆ ಮಗುವಿನ ಮಿದುಳಿಗೆ ಹಾನಿಯಾದದ್ದನ್ನು ಯಾರೂ ಕಂಡಿಲ್ಲ. ಮೂರು ಎಂದರೆ ಮಣ್ಣಿನಿಂದ, ಮನೆಯ ಗೋಡೆಯಿಂದ, ಆಕಾಶದಿಂದ ಒಂದು ವರ್ಷದಲ್ಲಿ ಎಲ್ಲರ ಮೇಲೂ ಬೀಳುವಷ್ಟೇ ಹೆಚ್ಚುಕಡಿಮೆ. ನಿನ್ನ ಇನ್ನೊಂದು ಪ್ರಶ್ನೆಗೆ ಉತ್ತರ, ಮಗು ನಿಂತಲ್ಲಿಂದ ಎಣಿಸಬೇಕು. ಆದರೆ ಆ ಎಣಿಕೆ ನಿನಗೆ ಬೇಕಾಗಿಲ್ಲ. ಏನೂ ಆಗುವುದೇ ಇಲ್ಲ ಎಂದು ಯಾವ ಮಗುವಿಗೂ ಬರೆದುಕೊಡಲಾಗುವುದಿಲ್ಲ, ಆದರೆ ಈ ಕಿರಣಕ್ಕೆ ಹೆದರಿ ಬಿಡಬೇಕಾದ ಮಗು ಅಲ್ಲ ಅದು.

ಫೆಬ್ರವರಿಯ ಎರಡನೇ ಪತ್ರದಿಂದಲೇ ನನಗೆ ತಿಳಿಯುತ್ತಿತ್ತು. ಸಿಬ್ಬಂದಿ ಮಾತ್ರ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ರೋಗಿಗೆ ಎಲ್ಲಿಂದ ಬಂತು? ನನ್ನ ಲೆಕ್ಕದ ಮೂರು ತಾಗಿದವಳು ಪ್ರಶ್ನೆ ಕೇಳುತ್ತಾ ಓಡಾಡುತ್ತಿರಲಿಲ್ಲ, ಹಾಸಿಗೆ ಹಿಡಿದಿರುತ್ತಿದ್ದಳು. ಬಂದ ದಿನವೇ ಓದಿದ್ದರೆ ಈ ಗುರುವಾರ ಇರುತ್ತಿರಲಿಲ್ಲ.

ಮುಚ್ಚಿಟ್ಟೆ ಎಂದು ಕೋಪವಿಲ್ಲ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ. ಏನೇ ಆಗಿದ್ದರೂ ಒಂದು ಸಾಲು ಬರೆ, ತಂಗೀ.

ಅಕ್ಕ


ಮಾರ್ಚ್ 17

ಅಕ್ಕಾ,

ಮಗು ಇದೆ. ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು ಎಂದು ಇವರು ಪಕ್ಕದಲ್ಲೇ ನಿಂತು ಕಾಯುತ್ತಿದ್ದಾರೆ.

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ಮಾತಾಡಿಸದೆ ದಾಟಿಹೋಗಿವೆ. ನನ್ನದು ಈಗ ನಿನ್ನ ಕೈ ಸೇರಿರುತ್ತದೆ. ನಿನ್ನ ಪತ್ರ ಓದಿ ಅಡುಗೆಮನೆಯ ನೆಲದ ಮೇಲೆ ಕೂತು ಮತ್ತೊಮ್ಮೆ ಓದಿದೆ. ಆಮೇಲೆ ಸಿಟ್ಟು ಬಂತು. ಅಷ್ಟು ಓದಿದವಳು ನೀನು, ಅಂಗಡಿಗೆ ಹೋಗಿ "ಎರಡು ಕೊಡಿ" ಅಂದರೆ ಏನು ಕೊಡುತ್ತಾರೆ? ಕೇಜಿಯೋ ಗ್ರಾಮೋ ಕೇಳುವುದಿಲ್ಲವೆ? ಅಷ್ಟು ಬೈದ ಮೇಲೆ ಸಿಟ್ಟು ಇಳಿಯಿತು. ನಾನೂ ದಿನವಿಡೀ ಹಾಗೇ "ಮೂರು ಬಂತು, ಅರ್ಧ ಬಂತು" ಎನ್ನುವವಳೇ.

ಇವರಿಗೆ ಓದಿ ಹೇಳಿದೆ. "ಹಾಗಾದ್ರೆ ಮೇಲಿನ ಮಹಡಿ ಗ್ಯಾರಂಟಿನಾ?" ಅಂದರು. ಗ್ಯಾರಂಟಿ ಯಾರಿಗೂ ಇಲ್ಲವಂತೆ ಅಂದೆ. "ಸರಿ ಬಿಡು, ನಾವೆಲ್ಲ ಹಾಗೇ ಅಲ್ವಾ ಬಂದಿರೋದು" ಎಂದು ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಹೋದರು. ಮಕ್ಕಳ ವಾರ್ಡಿನಿಂದ ನನ್ನನ್ನು ತೆಗೆದು ಫಿಲ್ಮ್ ಜೋಡಿಸುವ ಕೋಣೆಗೆ ಹಾಕಿದ್ದಾರೆ.

ಅಷ್ಟು ದಿನ ಬಿಡದೆ ಕಾಡಿದ್ದು ಎಂಥ ಜ್ವರ? ಡಾಕ್ಟರಿಗೆ ತೋರಿಸಿದೆಯಾ? ಬೇಸಿಗೆಯ ರಜೆಗೆ ಬಾ. ನೀನು ಪಕ್ಕದಲ್ಲಿದ್ದರೆ ನನಗೆ ಆನೆಬಲ.

ಚೂಟಿ


ಜುಲೈ 6

ಚೂಟಿ,

ಬೇಸಿಗೆಯಲ್ಲಿ ಬರಲಾಗಲಿಲ್ಲ, ಈಗಲೂ ಆಗುವ ಹಾಗಿಲ್ಲ. ಎಣಿಸಬೇಕಾದ ಗಾಜುಗಳು ರಾಶಿ ಬಿದ್ದಿವೆ. ಕಬ್ಬಿಣದ ಮಾತ್ರೆ ತಪ್ಪಿಸಬೇಡ. ಎಡಮಗ್ಗುಲಿಗೆ ಮಲಗು. ಹುಟ್ಟಿದ ಮೇಲೆ ತೂಕವನ್ನೂ ತಲೆಯ ಸುತ್ತಳತೆಯನ್ನೂ ಬರೆದು ತಿಳಿಸು.

ಅಕ್ಕ


ಸೆಪ್ಟೆಂಬರ್ 14

ಅಕ್ಕಾ,

ಹೆಣ್ಣು. ಭಾವ ಹೇಳಿರುತ್ತಾರೆ. ತೂಕ, ಸುತ್ತಳತೆ ಎಲ್ಲ ಇರಬೇಕಾದ ಹಾಗೇ ಇವೆ ಎಂದು ಡಾಕ್ಟರು ಅಂದರು. ಇನ್ನೂ ಹೆಸರಿಟ್ಟಿಲ್ಲ. ಕೈಬೆರಳು ಸಿಕ್ಕರೆ ಬಿಡುವುದೇ ಇಲ್ಲ, ಇವರು ಅರ್ಧ ಗಂಟೆ ತೊಟ್ಟಿಲ ಪಕ್ಕ ಬಗ್ಗಿ ನಿಂತು ಸೊಂಟ ಹಿಡಿದುಕೊಂಡರು.

ಭಾವ ಒಬ್ಬರೇ ಬಂದರು. ತೊಟ್ಟಿಲ ಹತ್ತಿರ ಬಂದು ನೋಡಿದರು, ಎತ್ತಿಕೊಳ್ಳಲಿಲ್ಲ. ಕಿಟಕಿಯ ಹತ್ತಿರ ಹೋಗಿ ಕನ್ನಡಕ ಒರೆಸಿದರು. ನೀನು ಯಾಕೆ ಬರಲಿಲ್ಲ ಎಂದು ಕೇಳಿದೆ. "ನಿಮ್ಮಕ್ಕನಿಗೆ ಕೆಲಸ ಜಾಸ್ತಿ ಕಣಮ್ಮ" ಅಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ.

ಮಾರ್ಚಿನಿಂದ ಈಚೆಗೆ ನೀನು ನನಗೆ ಮಾತ್ರೆಯ ಚೀಟಿಯಂಥ ಪತ್ರ ಬರೆಯುತ್ತಿದ್ದೀ. ನಾನು ನಿನಗೆ ಹೇಳದೆ ಬಸಿರಾದೆ ಎನ್ನುವ ನೋವೇ ಆದರೆ ಬೈದು ಮುಗಿಸು. ಬೇರೆ ಏನಾದರೂ ಇದ್ದರೆ ನುಂಗಬೇಡ.

ಚೂಟಿ


ಸೆಪ್ಟೆಂಬರ್ 21

ಚೂಟಿ,

ಅದು ಜ್ವರವಾಗಿರಲಿಲ್ಲ.

ಫೆಬ್ರವರಿಯಲ್ಲಿ ನಿನಗೆ ಆ ಉದ್ದದ ಪತ್ರ ಬರೆದಾಗ ನಾನೂ ಬಸಿರಿಯಾಗಿದ್ದೆ. ಈ ಸಲವೂ ಹೋದರೆ ನೀನು ಮತ್ತೆ ನನ್ನ ಎದುರಿಗೆ ಬಾಯಿ ಕಟ್ಟಿಕೊಂಡು ಕೂರಬೇಕಾಗುತ್ತದಲ್ಲ ಎಂದು ನಿನಗೆ ತಿಳಿಸಲಿಲ್ಲ. ಪತ್ರ ಪೆಟ್ಟಿಗೆಗೆ ಹಾಕಿದ ವಾರವೇ ಹೋಯಿತು. ಕಿರಣದಿಂದಲ್ಲ, ಗಾಬರಿಯಾಗಬೇಡ. ಯಂತ್ರ ಬೇರೆ ಕಟ್ಟಡದಲ್ಲಿದೆ, ನನ್ನ ಕೈಗೆ ಬರುವುದು ಗಾಜು ಮಾತ್ರ. ಕಾರಣ ಗೊತ್ತಾಗುತ್ತಿಲ್ಲ ಎಂದರು ಡಾಕ್ಟರು. ಕಾರಣ ಹುಡುಕುವುದೇ ನನ್ನ ಹೊಟ್ಟೆಪಾಡು, ನನ್ನದಕ್ಕೆ ಮಾತ್ರ ಸಿಗಲಿಲ್ಲ.

ನಾನಾದರೆ ಆ ಮಗುವನ್ನು ಉಳಿಸಿಕೊಳ್ಳಲು ಹೆದರುತ್ತೇನೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಅದನ್ನು ಬರೆಯುವಾಗ ನನ್ನ ಎಡಗೈ ಹೊಟ್ಟೆಯ ಮೇಲಿತ್ತು. ಎಷ್ಟು ತಾಗಿದ್ದರೂ ನಾನು ಬಿಡುತ್ತಿರಲಿಲ್ಲ. ಯಾರದೋ ಮಗು ಎಂದುಕೊಂಡು ಬರೆದೆ, ಅದಕ್ಕೇ ಅಷ್ಟು ಸಲೀಸಾಗಿ ಬರೆಯಲು ಬಂತು.

ನಿನ್ನ ಮಗುವನ್ನು ನೋಡುವ ಆಸೆ ಇದೆ. ಹೊಟ್ಟೆಕಿಚ್ಚೂ ಇದೆ. ಅದನ್ನು ಇಲ್ಲೇ ಬಿಟ್ಟು ಆಸೆಯನ್ನಷ್ಟೇ ಹೊತ್ತು ಬರೋಣ ಎಂದು ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ವಾಪಸು ಬಂದೆ. ನಿನ್ನ ಮನೆಯ ಹೊಸಿಲಿನಲ್ಲಿ ನಿಂತು ಮಗುವನ್ನು ನೋಡಿ ನನ್ನ ಮುಖ ಏನಾಗುತ್ತದೋ ಎಂದು ನನಗೇ ಭಯ. ಬಾಣಂತಿ ಅದನ್ನು ನೋಡಬಾರದು.

ಅಕ್ಕ


ಸೆಪ್ಟೆಂಬರ್ 25

ಅಕ್ಕಾ,

ಎರಡನ್ನೂ ಹೊತ್ತುಕೊಂಡೇ ಬಾ. ನಾನೂ ಈ ಮಗುವನ್ನು ಭಯದ ಜೊತೆಗೇ ಹೆತ್ತವಳು, ನಿನ್ನ ಮುಖ ನೋಡಿ ಹೆದರುವವಳಲ್ಲ.

ಬಂದ ತಕ್ಷಣ ಎತ್ತಿಕೊಳ್ಳಬೇಕಾಗಿಲ್ಲ. ಪಕ್ಕದ ಕೋಣೆಯಲ್ಲಿ ನಿನಗೆ ಹಾಸಿದ್ದೇನೆ. ಮಗು ಅತ್ತರೆ ನಾನು ಬಾಗಿಲು ಹಾಕಿಕೊಳ್ಳುತ್ತೇನೆ. ನಿನಗೆ ಅಳು ಬಂದರೆ ಬಾಗಿಲು ತೆಗೆ.

ಆವತ್ತು ಉಣ್ಣೆ ಸುತ್ತಿದ ಮೇಲೆ ನಾವು ನಿನ್ನ ಮಕ್ಕಳ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಅವರಿಗೆ ಚಿಕ್ಕಮ್ಮ ಅಲ್ಲವೆ? ನನಗೂ ಅವರು ಬೇಕಾಗಿದ್ದರು. ಮೊದಲನೆಯದು ಹೋದಾಗ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ. ನಿನಗೆ ಕೇಳಿಸಬಾರದೆಂದು ಹಾಗೆ ಮಾಡಿದೆ, ಅದು ದೊಡ್ಡ ದಡ್ಡತನ. ಫೆಬ್ರವರಿಯ ಮಗುವಿಗೂ ಅಳಬೇಕು, ಒಬ್ಬಳೇ ಅಳಲು ನನಗಿಷ್ಟವಿಲ್ಲ.

ನಿನ್ನೆ ಲಸಿಕೆ ಹಾಕಲು ಬಂದ ನರ್ಸಮ್ಮ, ಪಕ್ಕದ ಕೋಣೆಯ ಹಾಸಿಗೆ ಅಕ್ಕನಿಗೆ ಎಂದು ನಾನು ಹೇಳಿದ ಮೇಲೆ, ಇವಳನ್ನು ನೋಡಿ, "ನಿಮ್ಮಿಬ್ಬರಲ್ಲಿ, ಅಕ್ಕ ತಂಗೀಲಿ, ಇದೇ ಮೊದಲ್ನೇ ಮಗುನಾ?" ಎಂದು ಕೇಳಿದರು.

"ಅಲ್ಲ," ಅಂದೆ, "ನಾಲ್ಕನೇದು."

ಚೂಟಿ